ನೆಂಟರ ಮನೆಯಲ್ಲಿ ನೆಟ್ಟಿಲ್ಲ!

(ಸಾಗರದ ಹತ್ತಿರದ ಹಳ್ಳಿ. ಮೇ ತಿಂಗಳು. ಬೆಂಗಳೂರಿನಿಂದ ಬಂದ ಮಗ ಜಗಲಿ ಕಟ್ಟೆ ಮೇಲೆ ಮೊಬೈಲ್ ಎತ್ತಿ ಹಿಡಿದು ಒಂಟಿಕಾಲಲ್ಲಿ ನಿಂತಿದ್ದಾನೆ. ಪಕ್ಕದಲ್ಲಿ ಅಜ್ಜಿ, ಮೊಮ್ಮಗ ಪುಟ್ಟ.)

ಅಜ್ಜಿ: ಏನೋ ತಪಸ್ಸು? ದೇವರು ಪ್ರತ್ಯಕ್ಷ ಆದನೇನೋ?

ಮಗ: ಒಂದು ಕಡ್ಡಿ ಕಾಣಿಸ್ತಿದೆ ಅಮ್ಮಾ!

ಅಜ್ಜಿ: ಒಂದೇ ಕಡ್ಡಿಗೆ ಇಷ್ಟು ಸಂಭ್ರಮವಾ? ಹಿತ್ತಲಲ್ಲಿ ಪೊರಕೆಗಾಗುವಷ್ಟಿದೆ. ಬಾ, ಹಲಸಿನ ಹಪ್ಪಳ ಒತ್ತೋಣ.

ಮಗ: ಆಮೇಲೆ. ಮೊದಲು 'ಅಮ್ಮನ ಜೊತೆ ನೆಮ್ಮದಿಯ ರಜೆ' ಅಂತ ಸ್ಟೇಟಸ್ ಹಾಕ್ಬೇಕು.

ಅಜ್ಜಿ: ಯಾವ ಅಮ್ಮನೋ?

ಮಗ: ನೀನೇ!

ಅಜ್ಜಿ: ಹೌದಾ? ನಂಗೆ ಗೊತ್ತೇ ಆಗ್ಲಿಲ್ಲ ನೋಡು. ಪುಟ್ಟಾ, ನಿನ್ನೆ ಜೋಗ ಹೆಂಗಿತ್ತೋ?

ಪುಟ್ಟ: ಬರೀ ಬಂಡೆ ಅಜ್ಜಿ.

ಅಜ್ಜಿ: ರಾಜ, ರಾಣಿ, ರೋರರ್, ರಾಕೆಟ್?

ಪುಟ್ಟ: ನಾಲ್ವರೂ ಬೇಸಿಗೆ ರಜೆ ಮೇಲಿದ್ರು. ನೀರೆಲ್ಲ ಲಿಂಗನಮಕ್ಕಿ ಡ್ಯಾಮಲ್ಲಂತೆ.

ಅಜ್ಜಿ: ಮತ್ತೆ 253 ಮೀಟರ್ ಒಣ ಬಂಡೆ ಮುಂದೆ ಎರಡು ಗಂಟೆ ಏನ್ಮಾಡಿದ್ರಿ?

ಪುಟ್ಟ: ಅಪ್ಪ ಬಂಡೆಗೆ ಬೆನ್ನು ತಿರುಗಿಸಿ ರೀಲ್ ಮಾಡ್ದ. ನೀರು ಆಮೇಲೆ ಸೇರಿಸ್ತಾನಂತೆ.

ಅಜ್ಜಿ: ನಮ್ಮ ಕಾಲದಲ್ಲಿ ಅದಕ್ಕೆ ರೀಲು ಬಿಡೋದು ಅಂತಿದ್ವಿ.

ಮಗ: ಅಮ್ಮಾ, ನಾಳೆನೇ ಹೊರಡ್ತೀವಿ. ಬೆಂಗಳೂರಲ್ಲಿ ಪುಟ್ಟಂಗೆ ಬೇಸಿಗೆ ಶಿಬಿರ. ಹತ್ತು ದಿನಕ್ಕೆ ಹತ್ತು ಸಾವಿರ. ಲಗೋರಿ, ಚೌಕಾಬಾರ, ಮಾವಿನಕಾಯಿಗೆ ಉಪ್ಪು-ಖಾರ, ಕೈತುತ್ತು... ಥೇಟ್ ಅಜ್ಜಿಮನೆ!

ಅಜ್ಜಿ: ಅಜ್ಜಿಯೂ ಇರ್ತಾಳಾ?

ಮಗ: ಕತೆ ಹೇಳೋಕೆ ಸಂಬಳ ಕೊಟ್ಟು ಕರೆಸ್ತಾರೆ.

ಅಜ್ಜಿ: ಹಂಗಾದ್ರೆ ನಂದೂ ಒಂದು ಅರ್ಜಿ ಹಾಕೋ. ಮೊಮ್ಮಗನ ಜೊತೆ ಹತ್ತು ದಿನ ಆದ್ರೂ ಇರಬಹುದು!