ಬೀಚಿಗೂ ಕೆಂಪು ಶಾಯಿ

ನಿವೃತ್ತ ಕನ್ನಡ ಮೇಷ್ಟ್ರುಗಳಲ್ಲಿ ಒಂದು ಜಾತಿಯುಂಟು. ಅವರ ಕೈಗೆ ಮದುವೆ ಕರೆಯೋಲೆ ಕೊಟ್ಟರೆ ಮುಹೂರ್ತ ನೋಡುವುದಿಲ್ಲ, ‘ಆಶೀರ್ವಾದ’ದ ದೀರ್ಘ ಸರಿಯಿದೆಯೇ ನೋಡುತ್ತಾರೆ. ಕೊಟ್ಟೂರೇಶ್ವರನ ತೇರಿಗೆ ಊರೆಲ್ಲ ಉತ್ತತ್ತಿ, ಬಾಳೆಹಣ್ಣು ಹಿಡಿದು ಓಡುತ್ತಿದ್ದರೆ, ಇವರು ಸ್ವಾಗತದ ಬ್ಯಾನರಿನ ಕೆಳಗೆ ನಿಂತು ಅಲ್ಪಪ್ರಾಣ, ಮಹಾಪ್ರಾಣ ಎಣಿಸುತ್ತಿರುತ್ತಾರೆ. ಅಂಥವರೊಬ್ಬರು ತಾವಾಗಿಯೇ ನಮ್ಮ ಗುಂಪಿಗೆ ಬಂದು ಸೇರಿದರು.

ನಮ್ಮದು ಕಣ್ಣು ಕಾಣದವರಿಗಾಗಿ ಪುಸ್ತಕ ಸಿದ್ಧ ಮಾಡುವ ಗುಂಪು. ಪುಸ್ತಕವನ್ನು ಸ್ಕ್ಯಾನ್ ಮಾಡಬೇಕು, ಒಸಿಆರ್ ಹಾಕಿ ಚಿತ್ರವನ್ನು ಅಕ್ಷರ ಮಾಡಬೇಕು, ತಪ್ಪು ತೆಗೆಯಬೇಕು, ಡಿಜಿಟಲ್ ಗ್ರಂಥಾಲಯಕ್ಕೆ ಕಳಿಸಬೇಕು. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಇಂಥದೇ ಒಂದು ಗ್ರಂಥಾಲಯ. ಆಮೇಲೆ ಕಂಪ್ಯೂಟರೋ ಮೊಬೈಲೋ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಕಡೆಯವರು ಗುಂಪಿನಲ್ಲಿದ್ದಾರೆ. ಕೂಡ್ಲಿಗಿಯವರೊಬ್ಬರು ಮೊಬೈಲಿನಲ್ಲಿ ಪುಟ ಹಿಡಿಯುತ್ತಾರೆ, ಪ್ರತಿ ಪುಟದಲ್ಲೂ ಅವರ ಹೆಬ್ಬೆರಳು ಇದ್ದೇ ಇರುತ್ತದೆ. ಹಗರಿಬೊಮ್ಮನಹಳ್ಳಿಯ ಒಬ್ಬ ಹುಡುಗ ಸರ್ಟಿಫಿಕೇಟ್ ಕೊಡುತ್ತೀರಾ ಎಂದು ಕೇಳಿದವನು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾನೆ. ನಾನು ಸಂಚಾಲಕ, ಅಂದರೆ ವಾಟ್ಸಾಪ್ ಅಡ್ಮಿನ್. ಹಿರಿಯರಿಗೆ ಎದುರು ಮಾತಾಡಲು ಬಾರದ ಅಡ್ಮಿನ್.

ಯಂತ್ರದ ತಪ್ಪಿಗೆ ನಾವು ಒಗ್ಗಿಹೋಗಿದ್ದೆವು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬ ಕನ್ನಡ ಒಸಿಆರನ್ನೇ ರೂಪಿಸಿದೆ, ಟೆಸರಾಕ್ಟ್ ಕೂಡ ಕನ್ನಡ ಓದುತ್ತದೆ. ಆದರೂ ಹಳೇ ಅಚ್ಚುಮೊಳೆಯ ಪುಸ್ತಕ, ಮಾಸಿದ ಕಾಗದ ಸಿಕ್ಕರೆ ಒತ್ತಕ್ಷರ ಉದುರುತ್ತದೆ, ಥ ಹೋಗಿ ಧ ಆಗುತ್ತದೆ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತರಂತೂ ಓದುವ ತಂತ್ರಾಂಶ ಶಬ್ದದ ನಡುವೆ ‘ಸೊನ್ನೆ’ ಎಂದು ಕೂಗುತ್ತದೆ. ಪುಟದ ತಲೆಯ ಮೇಲಿನ ಪುಸ್ತಕದ ಹೆಸರು, ಪುಟಸಂಖ್ಯೆ ತೆಗೆಯದಿದ್ದರೆ ನಾಯಕಿ ಕಣ್ಣೀರಿಡುವಾಗ ನಡುವೆ ‘ನೂರಾ ನಲವತ್ತೊಂದು’ ಕೇಳಿಸುತ್ತದೆ. ಹೋಗಲಿ, ಇವೆಲ್ಲ ಕಿವಿಗೆ ಗೊತ್ತಾಗುವ ತಪ್ಪುಗಳು. ಮೇಷ್ಟ್ರ ತಪ್ಪು ಯಾರ ಕಿವಿಗೂ ಬೀಳುವುದಿಲ್ಲ, ಏಕೆಂದರೆ ಅದು ಸರಿಯಾಗಿರುತ್ತದೆ.

ಮೇಷ್ಟ್ರು ಮೊದಲು ಆರಿಸಿಕೊಂಡದ್ದು ಬೀಚಿಯವರ ಆತ್ಮಕಥೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪಕ್ಕದೂರಿನವರೇ ಎಂದು ನನಗೂ ಖುಷಿಯಾಯಿತು. ಹೇಳಿದ ದಿನಕ್ಕೆ ಫೈಲ್ ಬಂತು. ಒಂದು ಪುಟ ಬಿಟ್ಟಿಲ್ಲ, ಒಂದು ಒತ್ತಕ್ಷರ ಜಾರಿಲ್ಲ. ಪುಸ್ತಕದ ಹೆಸರು ಮಾತ್ರ ‘ನನ್ನ ಬಯಾಗ್ರಫಿ’ ಎಂದಿತ್ತು.

“ಸಾರ್, ಅದು ‘ಭಯಾಗ್ರಫಿ’. ಭಯದ ಭ.”

“ಗೊತ್ತೈತಪಾ. ಮುದ್ರಣದೋಷ. ಕವರಿನಾಗೇ ತಪ್ಪಿದ್ರೆ ಓದೋರು ಏನ್ ತಿಳ್ಕಂತಾರೆ? ಅದಕ್ಕೇ ತೆಗ್ದೆ.”

“ಬೀಚಿಯವರು ಬೇಕಂತಲೇ ಹಾಗೆ ಬರೆದದ್ದು, ಸಾರ್.”

ಮೇಷ್ಟ್ರು ಮರುಕದಿಂದ ನನ್ನ ಕಡೆ ನೋಡಿದರು. “ಹರಪನಹಳ್ಳಿ ಕಡೇರಿಗೆ ಮಹಾಪ್ರಾಣ ಎಲ್ಲಿ ಹಾಕ್ಬೇಕು, ಎಲ್ಲಿ ಬಿಡ್ಬೇಕು ಅನ್ನೋದು ಮೊದ್ಲಿಂದಾನೂ ತಿಳಿಯಾಂಗಿಲ್ಲ ಬಿಡು.”

ಒಳಗೆ ನೋಡಿದರೆ ಕಥೆ ಇನ್ನೂ ಇತ್ತು. ಸೊನ್ನೆ ಹಾಕಿ ‘ತಿಂಮ’ ಎಂದು ಬರೆಯುವುದು ಬೀಚಿಯವರ ರೂಢಿ. ಮೇಷ್ಟ್ರು ‘ಹುಡುಕಿ ಬದಲಿಸು’ ಒತ್ತಿ ಇಡೀ ಪುಸ್ತಕದಲ್ಲಿ ತಿಂಮನಿಗೆ ಒತ್ತು ಕೊಟ್ಟು ‘ತಿಮ್ಮ’ ಮಾಡಿದ್ದರು. ಪದ ತಿರುಚಿ ನಗಿಸಿದ ಜಾಗಗಳನ್ನೆಲ್ಲ ನೇರ ಮಾಡಿದ್ದರು. ತಿದ್ದಲಾಗದ ಕಡೆ ಅಡಿಟಿಪ್ಪಣಿ ಹಾಕಿದ್ದರು: ‘ಲೇಖಕರ ಪ್ರಮಾದ.’

ನನಗೆ ಕಾನೂನು ನೆನಪಾಯಿತು. ಕಣ್ಣು ಕಾಣದ ಓದುಗರಿಗಾಗಿ ಲಾಭವಿಲ್ಲದೆ ಪುಸ್ತಕದ ರೂಪ ಬದಲಿಸಲು ಲೇಖಕರ ಅಪ್ಪಣೆ ಬೇಡವೆಂದು 2012ರ ಕೃತಿಸ್ವಾಮ್ಯ ತಿದ್ದುಪಡಿ ಹೇಳುತ್ತದೆ. ರೂಪ ಮಾತ್ರ, ಮಾತಲ್ಲ. ಇದೇ ಉದ್ದೇಶದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಇದನ್ನು ಮೇಷ್ಟ್ರಿಗೆ ವಿವರಿಸಿದೆ. “ನೋಡು, ಕಾನೂನೇ ತಿದ್ದುಪಡಿ ಆಗೈತೆ. ಬೀಚಿ ಯಾವ ಲೆಕ್ಕ?” ಎಂದರು.

ಆಮೇಲೆ ಕುಂ. ವೀರಭದ್ರಪ್ಪನವರ ‘ಅರಮನೆ’ ಕೇಳಿದರು. ಕುಂವೀ ಕೊಟ್ಟೂರಿನವರು, ಆಂಧ್ರದ ಹಳ್ಳಿಯಲ್ಲಿ ತಾವೂ ಮೇಷ್ಟ್ರಾಗಿದ್ದವರು, ಈ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅದರ ಜೀವವೇ ಈ ಸೀಮೆಯ ಆಡುಮಾತು. ಮೇಷ್ಟ್ರು ಮೊದಲ ಅಧ್ಯಾಯ ಮುಗಿಸಿ ಕಳಿಸಿದರು. ಪಾತ್ರಗಳೆಲ್ಲ ಆಕಾಶವಾಣಿಯ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದವು. ಯಾಕೆ ಸಾರ್ ಎಂದರೆ, “ನಮ್ಮೂರಿನ ಹುಡುಗ. ಹೊರಗಿನೋರು ಓದಿ, ಕೊಟ್ಟೂರಾಗೆ ಹಿಂಗಾ ಮಾತಾಡ್ತಾರೆ ಅಂದ್ರೆ ನಮ್ ಮರ್ಯಾದಿ ಏನಾಕತಿ?” ಎಂದು ಕೇಳಿದರು. ಯಾವ ಮಾತನ್ನು ಅಳಿಸಿದ್ದರೋ ಅದೇ ಮಾತಿನಲ್ಲಿ ಕೇಳಿದರು.

ಗ್ರಂಥಾಲಯಕ್ಕೆ ಸೇರಿಸುವ ಮೊದಲು ಒಬ್ಬ ಓದುಗರಿಗೆ ಕೊಟ್ಟು ನೋಡುವುದು ನಮ್ಮ ಪದ್ಧತಿ. ಮೇಷ್ಟ್ರ ಬೀಚಿ ಹಡಗಲಿಯ ಒಬ್ಬ ಕಾಲೇಜು ಹುಡುಗಿಯ ಕೈಸೇರಿತ್ತು. ಹುಟ್ಟಿನಿಂದ ಕಣ್ಣಿಲ್ಲ, ಕಿವಿ ಬಲು ಚುರುಕು. ಅವಳು ಫೋನ್ ಮಾಡಿದಳು. “ಸಾರ್, ಬೀಚಿ ಓದಿದ್ರೆ ಎಲ್ರೂ ನಗ್ತಾರಂತಲ್ಲ. ಇದ್ರಾಗೆ ನಗೋದು ಎಲ್ಲೈತೆ?”

ಅದನ್ನು ಹಾಗೇ ಮೇಷ್ಟ್ರಿಗೆ ಮುಟ್ಟಿಸಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಮೊದಲ ಸಲ ಓದುವಾಗ ನನಗೂ ನಗು ಬಂದಿತ್ತಪಾ. ಅದಕ್ಕೇ ಅನುಮಾನ ಬಂತು.”

ನಲವತ್ತು ವರ್ಷದ ಹತ್ತಿರ ಮಕ್ಕಳ ನೋಟ್‌ಬುಕ್ ತಿದ್ದಿದ ಕೈ ಅದು. ಈಗ ಮನೆಗೆ ನೋಟ್‌ಬುಕ್ ತರುವವರಿಲ್ಲ, ಮೊಮ್ಮಕ್ಕಳು ಇಂಗ್ಲಿಷ್ ಮೀಡಿಯಂ. ತಪ್ಪೇ ಸಿಗದ ದಿನ ಅವರು ಹೇಗೆ ಕಳೆಯುತ್ತಾರೋ ಎಂದು ನನಗೆ ಅನಿಸಿದ್ದುಂಟು. ಹಾಗೆಂದು ಬಿಡಲಾಗುವುದಿಲ್ಲ. ಕಣ್ಣಿರುವವನು ದುಡ್ಡು ಕೊಟ್ಟು ಕೊಂಡು ಓದುವ ಬೀಚಿ ಯಾವುದೋ ಅದೇ ಬೀಚಿ, ಸೊನ್ನೆ ಸಮೇತ, ಆ ಹುಡುಗಿಗೂ ಸಿಗಬೇಕು. ಮೂಲದೊಂದಿಗೆ ಸಾಲು ಸಾಲು ಹೋಲಿಸಿ ಎಲ್ಲವನ್ನೂ ಮೊದಲಿನಂತೆ ಮಾಡಿದೆವು. ಮೇಷ್ಟ್ರೇ ಎದುರು ಕೂತು ಓದಿ ಹೇಳಿದರು. ಪ್ರತಿ ‘ತಿಂಮ’ನಿಗೂ ಒಂದು ನಿಟ್ಟುಸಿರು ಬಿಟ್ಟರು.

ಈಗ ಅವರಿಗೆ ಬೇರೆ ಕೆಲಸ ಕೊಟ್ಟಿದ್ದೇವೆ. ಪುಸ್ತಕದಲ್ಲಿನ ಚಿತ್ರಗಳನ್ನು ಮಾತಿನಲ್ಲಿ ವಿವರಿಸಬೇಕು. ಲೇಖಕರ ಫೋಟೋ ಒಂದಕ್ಕೆ ಬರೆದಿದ್ದಾರೆ: ‘ಲೇಖಕರು ಕುರ್ಚಿಯ ಮೇಲೆ ಕುಳಿತಿದ್ದಾರೆ. ಕನ್ನಡಕ ತುಸು ಓರೆಯಾಗಿದೆ. ಅಂಗಿಗೆ ಇಸ್ತ್ರಿ ಸಾಲದು.’ ಹಡಗಲಿಯ ಹುಡುಗಿ ಇನ್ನು ಮುಂದೆ ಎಲ್ಲ ಚಿತ್ರಗಳನ್ನೂ ಇವರಿಂದಲೇ ಬರೆಸಿ ಎಂದು ಹಟ ಹಿಡಿದಿದ್ದಾಳೆ.

ಐದು ತಾಲ್ಲೂಕಿನ ಓದುಗರಲ್ಲಿ ಒಂದು ವಿನಂತಿ. ಕರಡು ನೋಡುವವರು ಇನ್ನೂ ಬೇಕಾಗಿದ್ದಾರೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬಂದರೆ ಸಾಕು, ಸಂಬಳವಿಲ್ಲ. ನಿವೃತ್ತ ಮೇಷ್ಟ್ರುಗಳು ಖಂಡಿತ ಬನ್ನಿ. ಕುಂವೀ ಕಾದಂಬರಿಗಳನ್ನು ಮಾತ್ರ ಕೇಳಬೇಡಿ.