ಸದ್ಯಕ್ಕೊಂದು ಮನೆ

ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸು ಹಗರೆಯಲ್ಲಿ ನಿಂತಾಗ ಇಳಿಯುವವರು ಎರಡು ತರ. ಒಬ್ಬರು ಊರಿನವರು, ಇಳಿದ ಕೂಡಲೇ ಚೀಲ ಹೆಗಲಿಗೇರಿಸಿ ಮನೆ ಕಡೆ ನಡೆಯುತ್ತಾರೆ. ಇನ್ನೊಬ್ಬರು ‘ಸದ್ಯಕ್ಕೆ’ ಇಲ್ಲಿರುವವರು. ಇಳಿದ ಮೇಲೆ ಒಂದು ಗಳಿಗೆ ಅಲ್ಲೇ ನಿಂತು, ಬಸ್ಸು ತಮ್ಮನ್ನು ಬಿಟ್ಟು ಮುಂದೆ ಹೋಗುವುದನ್ನು ನೋಡಿ, ಆಮೇಲೆ ಹೆಜ್ಜೆ ಎತ್ತುತ್ತಾರೆ.

ಮೇಷ್ಟ್ರು ಎರಡನೆಯ ತರದವರು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ಹುಟ್ಟಿದ್ದು ಅರಸೀಕೆರೆ ಸೀಮೆಯ ತೆಂಗಿನ ತೋಟದಲ್ಲಿ, ನಿವೃತ್ತಿಯಾದ ಮೇಲೆ ನೆಲೆಸಬೇಕೆಂದಿರುವುದು ಮೈಸೂರಿನಲ್ಲಿ. ಮೈಸೂರಿನಲ್ಲಿ ಸೈಟು ಇನ್ನೂ ಆಗಿಲ್ಲ, ಬಡಾವಣೆ ಮಾತ್ರ ತೀರ್ಮಾನವಾಗಿದೆ. ನಡುವಿನ ಈ ಮೂರು ವರ್ಷಕ್ಕೆ ಹಗರೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಾಲ್ಲೂಕಿನಲ್ಲಿ ಇಂಥವರು ಹತ್ತಾರು ಮಂದಿ ಇದ್ದಾರೆ. ಬ್ಯಾಂಕಿನವರು, ಪಶುವೈದ್ಯರು, ಕೆಇಬಿ ಲೈನಿನವರು. ಒಬ್ಬರ ಹೆಸರು ಹಾಕಿದರೆ ಉಳಿದವರು ನೊಂದುಕೊಳ್ಳುತ್ತಾರೆ.

ಬಾಡಿಗೆ ಮನೆಯಲ್ಲಿ ಸುಖವಾಗಿಯೇ ಇದ್ದರು. ತಿಂಗಳಿಗೆ ಐದು ಸಾವಿರ, ನೀರು ಬಿಟ್ಟಿ, ಮಾಲೀಕರ ಹಸುವಿನ ಹಾಲು ಬಾಗಿಲಿಗೆ. ಒಂದು ದಿನ ಕ್ಯಾಲೆಂಡರ್ ನೇತುಹಾಕಲು ಗೋಡೆಗೆ ಮೊಳೆ ಹೊಡೆಯುತ್ತಿದ್ದಾಗ ಮಾಲೀಕರು ಬಂದು, ‘ಮೇಷ್ಟ್ರೇ, ಗೋಡೆ ಸೀಳುತ್ತೆ’ ಎಂದರು. ಅಷ್ಟೇ. ಅಂದು ರಾತ್ರಿಯೇ ಮೇಷ್ಟ್ರು ಸ್ವಂತ ಮನೆಯ ತೀರ್ಮಾನಕ್ಕೆ ಬಂದರು. ಕರ್ನಾಟಕದಲ್ಲಿ ಎಷ್ಟೋ ಸ್ವಂತ ಮನೆಗಳ ಅಡಿಪಾಯದಲ್ಲಿ ಇಂಥದೊಂದು ಮೊಳೆ ಇರುತ್ತದೆ.

ಭೋಗ್ಯಕ್ಕೆ ಹಾಕಿಕೊಳ್ಳಿ ಎಂದು ಸಹೋದ್ಯೋಗಿಗಳು ಹೇಳಿದರು. ಇಡಿಗಂಟು ಒಂದಿಷ್ಟು ಕೊಡುವುದು, ಬಾಡಿಗೆಯಿಲ್ಲದೆ ಮೂರು ವರ್ಷ ಇರುವುದು, ಹೋಗುವಾಗ ಕೊಟ್ಟ ದುಡ್ಡು ಅಷ್ಟೂ ವಾಪಸು ತೆಗೆದುಕೊಳ್ಳುವುದು. ಸ್ವಲ್ಪ ಕಾಲ ಇದ್ದು ಹೋಗುವವನಿಗೆಂದೇ ನಮ್ಮ ಜನ ಕಂಡುಕೊಂಡ ಏರ್ಪಾಡು ಇದು. ಮಾಲೀಕ ದುಡ್ಡು ಹಿಂದಿರುಗಿಸಲು ಸತಾಯಿಸುವುದುಂಟು, ಅದು ಬೇರೆ ಮಾತು. ಮೇಷ್ಟ್ರು ಅದನ್ನು ಒಂದೇ ಪ್ರಶ್ನೆಯಲ್ಲಿ ತಳ್ಳಿಹಾಕಿದರು: ‘ಭೋಗ್ಯದ ಮನೆಯಲ್ಲಿ ಮೊಳೆ ಹೊಡೀಬಹುದಾ?’

ಹುಡುಕಾಟ ಹಳೇಬೀಡಿನಿಂದ ಶುರುವಾಯಿತು. ದೇವಸ್ಥಾನದ ಹತ್ತಿರ ಒಂದು ಹಂಚಿನ ಮನೆ, ಬೆಲೆ ನಂಬಲಾರದಷ್ಟು ಕಡಿಮೆ. ಏಕೆ ಕಡಿಮೆ ಎಂಬುದು ಎರಡನೆಯ ಭೇಟಿಯಲ್ಲಿ ತಿಳಿಯಿತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಬೇಕು. 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಕಾನೂನು ಇದು. ನೂರು ಮೀಟರ್ ಒಳಗೆ ಇರುವ ಮನೆಗೆ ರಿಪೇರಿ ಮಾಡಿಸಲೂ ಒಪ್ಪಿಗೆ ತರಬೇಕು. ಮೇಷ್ಟ್ರು ಜೇಬಿನಿಂದ ಟೇಪು ತೆಗೆದು ಅಳೆಯಲು ಹೊರಟಿದ್ದರಂತೆ. ಮನೆಯ ಅಂಗಳದಿಂದಲೇ ನಂದಿ ಮಂಟಪ ಕಾಣುತ್ತಿದ್ದುದರಿಂದ ಟೇಪು ಮಡಚಿಟ್ಟರು.

ಬೇಲೂರಿನಲ್ಲಿ ಬ್ರೋಕರು ಸಿಕ್ಕಿದ. ಹೊಯ್ಸಳರ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು 2023ರ ಸೆಪ್ಟೆಂಬರ್ 18ರಂದು. ಅವನ ಬಾಯಲ್ಲಿ ಯುನೆಸ್ಕೋ ಎಂಬುದು ‘ಉನೆಸ್ಕೋ’ ಆಗಿತ್ತು, ಪ್ರತಿ ಚದರಡಿಗೂ ಅದರ ಪಾಲಿತ್ತು. ‘ಉನೆಸ್ಕೋ ಬಂದೈತೆ ಸಾ, ರೈಲೂ ಬತ್ತದೆ.’ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದಿದ್ದು 2013ರ ನವೆಂಬರಿನಲ್ಲಿ. ಬೇಲೂರಿನವರಿಗೆ ಇನ್ನೂ ಅದರ ಕೂಗು ಕೇಳಿಸಿಲ್ಲ, ಆದರೆ ಸೈಟಿನ ಬೆಲೆಯಲ್ಲಿ ಟಿಕೆಟ್ಟಿನ ದುಡ್ಡು ಸೇರಿಬಿಟ್ಟಿದೆ. ಹೀಗೆ ಬೇಲೂರು ಕೈಗೆಟುಕದೆ, ಹಳೇಬೀಡು ಕಾನೂನಿಗೆ ಸಿಕ್ಕಿಕೊಂಡು, ಮೇಷ್ಟ್ರು ಎರಡಕ್ಕೂ ದಾರಿಯಿರುವ ಹಗರೆಗೇ ವಾಪಸು ಬಂದರು. ಬಾಡಿಗೆ ಮನೆಯ ಹಿಂದಿನ ಬೀದಿಯಲ್ಲೇ ಒಂದು ಮನೆ ಮಾರಾಟಕ್ಕಿತ್ತು. ಮುಂದೆ ಎರಡು ಕೋಣೆ ಆರ್‌ಸಿಸಿ, ಹಿಂದೆ ಹಂಚು, ಅದರ ಹಿಂದೆ ಒಗೆಯುವ ಕಲ್ಲು, ಒಂದಿಷ್ಟು ಹಿತ್ತಲು. ಹದಿನಾರು ಲಕ್ಷ.

‘ಸದ್ಯಕ್ಕೆ ಸಾಕು’ ಎಂದರು ಮೇಷ್ಟ್ರು.

ಈ ‘ಸದ್ಯಕ್ಕೆ’ ಎಂಬ ಮಾತಿಗೆ ಅವರಲ್ಲಿ ಚಾರಿತ್ರಿಕ ಸಮರ್ಥನೆಯೂ ಇದೆ. ಕೇಳಿದವರಿಗೆಲ್ಲ ಹೇಳುತ್ತಾರೆ, ಕೇಳದವರಿಗೆ ಕೊಂಚ ಹೆಚ್ಚಾಗಿ ಹೇಳುತ್ತಾರೆ. ಹೊಯ್ಸಳರೇನು ಹುಟ್ಟುತ್ತಲೇ ದೋರಸಮುದ್ರದಲ್ಲಿ ಇದ್ದರೇ? ಮೊದಲು ಸೊಸೆವೂರು, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಆಮೇಲೆ ಬೇಲೂರು. ಆಮೇಲೆ ದೋರಸಮುದ್ರ. ಕೊನೆಕೊನೆಗೆ ಮೂರನೆಯ ವೀರಬಲ್ಲಾಳ ತಿರುವಣ್ಣಾಮಲೆಯಲ್ಲಿ ಕೂತು ರಾಜ್ಯವಾಳಿದ. ‘ಅಂಥವರೇ ಸಣ್ಣ ಮನೆಯಿಂದ ಶುರುಮಾಡಿದ್ದು ಕಣ್ರೀ.’ ಮೇಷ್ಟ್ರು ಬಿಟ್ಟುಬಿಡುವ ಒಂದು ಅಂಶವಿದೆ. ಶಾಸನಗಳು ರಾಜಧಾನಿಯನ್ನು ನೆಲೆವೀಡು ಎನ್ನುತ್ತವೆ. ದಂಡು ಇಳಿದು ನಾಲ್ಕು ದಿನ ತಂಗುವ ತಾವು ಬರೀ ಬೀಡು. ದೋರಸಮುದ್ರದವರು ತಮ್ಮದು ನೆಲೆವೀಡು ಎಂದೇ ಬರೆಸಿಕೊಂಡಿದ್ದರು. 1311ರಲ್ಲಿ ಮಲಿಕ್ ಕಾಫರ್ ಬಂದ, ಮುಂದಿನ ದಶಕದಲ್ಲಿ ದೆಹಲಿಯ ದಂಡು ಮತ್ತೆ ಬಂತು, ನೆಲೆ ಹೋಯಿತು, ಬೀಡು ಉಳಿಯಿತು. ಹಳೇಬೀಡು. ಖಾಯಂ ಎಂದು ಕಟ್ಟಿದ್ದು ತಾತ್ಕಾಲಿಕವಾದದ್ದು ಅಲ್ಲಿ. ತಾತ್ಕಾಲಿಕ ಎಂದು ಕೊಂಡದ್ದು ಖಾಯಂ ಆಗುವುದು ಹಗರೆಯಲ್ಲಿ.

ಕಾಗದ ಪತ್ರದ ವಿಷಯದಲ್ಲಿ ಮೇಷ್ಟ್ರನ್ನು ಹಳಿಯುವಂತಿಲ್ಲ. ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ತೆಗೆಸಿದರು. ಗ್ರಾಮಠಾಣದ ಒಳಗಿನ ಜಾಗವೇ ಎಂದು ನಕ್ಷೆ ನೋಡಿದರು. ಹದಿಮೂರು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ಸಾಕೆಂದ ಬ್ರೋಕರಿಗೆ ಮೂವತ್ತು ವರ್ಷದ್ದು ಬೇಕೆಂದರು. ‘ಮೂರು ವರ್ಷ ಇರೋಕೆ ಮೂವತ್ತು ವರ್ಷದ ಇಸಿನಾ ಸಾ?’ ಎಂದು ಅವನು ಕೇಳಿದ್ದು ಕುಹಕಕ್ಕಲ್ಲ, ನಿಜವಾಗಿಯೂ ಅರ್ಥವಾಗದೆ.

ಎಡವಿದ್ದು ಚೌಕಾಸಿಯಲ್ಲಿ. ಮೇಷ್ಟ್ರಿಗೆ ಹತ್ತು ಸಾವಿರ ಇಳಿಸಲೇಬೇಕಿತ್ತು. ಮಾರುವವರಿಗೆ ಇಳಿಯುವ ಮನಸ್ಸಿರಲಿಲ್ಲ. ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಅಷ್ಟರಲ್ಲಿ, 2025ರ ಆಗಸ್ಟ್ 31ರಿಂದ, ಸರ್ಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿತು. ಹತ್ತು ಸಾವಿರಕ್ಕಾಗಿ ಹಿಡಿದ ಹಟ ಹದಿನಾರು ಸಾವಿರ ತಿಂದಿತು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಹತ್ತು ಪರ್ಸೆಂಟು ಸೆಸ್ಸು, ಹಳ್ಳಿಯಾದ್ದರಿಂದ ಮೂರು ಪರ್ಸೆಂಟು ಸರ್ಚಾರ್ಜು, ಎಲ್ಲ ಸೇರಿ ನೂರಕ್ಕೆ 7 ರೂಪಾಯಿ 65 ಪೈಸೆ. ಹದಿನಾರು ಲಕ್ಷಕ್ಕೆ 1,22,400 ರೂಪಾಯಿ. ಮನೆ ಕೈಗೆ ಬರುವ ಮೊದಲೇ ಎರಡು ವರ್ಷದ ಬಾಡಿಗೆ ಸರ್ಕಾರಕ್ಕೆ ಸಂದಿತ್ತು. ಜಿಲ್ಲೆಯ ಯಾವ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದೆಂಬ ಸೌಲಭ್ಯ ಬಂದಿರುವುದರಿಂದ ಮೇಷ್ಟ್ರು ಹಗರೆಯ ಮನೆಯನ್ನು ಅರಸೀಕೆರೆಯಲ್ಲಿ ನೋಂದಾಯಿಸಿದರು. ಹುಟ್ಟೂರಿನವರು ನೋಡಲಿ ಎಂಬ ಸಣ್ಣ ಆಸೆ, ಇರಲಿ, ಯಾರಿಗಿಲ್ಲ.

ಲೆಕ್ಕ ಹಾಕಿದ್ದು ಮಗಳು. ಮೇಷ್ಟ್ರು ಎಂಟನೇ ತರಗತಿಗೆ ಚಕ್ರಬಡ್ಡಿಯನ್ನು ಎಷ್ಟು ಚೆನ್ನಾಗಿ ಕಲಿಸುತ್ತಾರೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಹನ್ನೆರಡು ಲಕ್ಷ ಸಾಲ, ಎಂಟೂವರೆ ಪರ್ಸೆಂಟು ಬಡ್ಡಿ, ಹದಿನೈದು ವರ್ಷ. ತಿಂಗಳ ಕಂತು 11,817. ಮೊದಲ ತಿಂಗಳ ಕಂತಿನಲ್ಲಿ 8,500 ಬರೀ ಬಡ್ಡಿ. ಮೂರು ವರ್ಷದಲ್ಲಿ ಕಟ್ಟುವುದು ನಾಲ್ಕು ಲಕ್ಷ ಇಪ್ಪತ್ತೈದು ಸಾವಿರದಷ್ಟು. ಅದರಲ್ಲಿ ಅಸಲು ತೀರುವುದು ಒಂದು ಲಕ್ಷ ಮೂವತ್ತೈದು ಸಾವಿರ ಮಾತ್ರ. ಉಳಿದ ಎರಡು ಲಕ್ಷ ತೊಂಬತ್ತು ಸಾವಿರ ಬಡ್ಡಿಗೆ, ಅದರ ಜೊತೆಗೆ ನೋಂದಣಿಯ ದುಡ್ಡು. ನಾಲ್ಕು ಲಕ್ಷ ದಾಟಿತು. ಅದೇ ಮೂರು ವರ್ಷದ ಬಾಡಿಗೆ ಒಂದು ಲಕ್ಷ ಎಂಬತ್ತು ಸಾವಿರ.

‘ಅಪ್ಪಾ, ಮೂರು ವರ್ಷ ಬಿಟ್ಟು ಮಾರುವಾಗ ಮನೆಗೆ ಎರಡು ಲಕ್ಷ ಮೂವತ್ತೆರಡು ಸಾವಿರ ಹೆಚ್ಚು ಬಂದರೆ ಬಾಡಿಗೆಗೆ ಸಮ’ ಎಂದಳು.

‘ಬರುತ್ತೆ. ರೈಲು ಬರುತ್ತಲ್ಲ’ ಎಂದರು ಮೇಷ್ಟ್ರು.

ಅವಳು ಇನ್ನೊಂದನ್ನೂ ತೆಗೆದಳು. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಸಾಲದ ಅಸಲಿಗೆ ವಿನಾಯಿತಿ ಪಡೆದವರು, ಮನೆ ಕೈಗೆ ಬಂದ ಹಣಕಾಸು ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಅದನ್ನು ಮಾರಿದರೆ, ಪಡೆದ ವಿನಾಯಿತಿಯೆಲ್ಲ ಮಾರಿದ ವರ್ಷದ ಆದಾಯಕ್ಕೆ ಬಂದು ಕೂರುತ್ತದೆ. ಮೂರು ವರ್ಷಕ್ಕೆಂದು ಮನೆ ಕೊಳ್ಳುವವರನ್ನು ಕಾನೂನು ಬರೆದವರು ನೋಡಿಯೇ ಇರಬೇಕು. ಮೇಷ್ಟ್ರು ಇದಕ್ಕೆ ಉತ್ತರ ಕೊಡಲಿಲ್ಲ. ಕನ್ನಡಕ ಒರೆಸಿಕೊಂಡು, ‘ಹಾಗಾದ್ರೆ ಐದು ವರ್ಷ ಇರೋಣ ಬಿಡು’ ಎಂದರು. ಮೂರು ಐದಾಗಿದ್ದು ಹೀಗೆ, ಕೂತಲ್ಲೇ, ಒಂದು ಲೋಟ ಕಾಫಿ ಆರುವಷ್ಟರಲ್ಲಿ.

ಗೃಹಪ್ರವೇಶ ಸಣ್ಣದಾಗಿ ಆಯಿತು. ಸದ್ಯದ ಮನೆ ತಾನೆ, ಹಾಲು ಉಕ್ಕಿಸಿದರೆ ಸಾಕು ಎಂದಿದ್ದರು. ಹಾಲಿನ ಹಿಂದೆ ಹೋಮ ಬಂತು, ಹೋಮದ ಹಿಂದೆ ಶಾಮಿಯಾನ ಬಂತು, ಮುನ್ನೂರು ಎಲೆ ಬಿತ್ತು.

ಮನೆಯೊಳಗೆ ಕಾಲಿಟ್ಟ ಮೇಲೆ ಮೇಷ್ಟ್ರ ವರಸೆಯೇ ಬದಲಾಯಿತು. ಮೊಳೆ ಹೊಡೆಯುವ ಸ್ವಾತಂತ್ರ್ಯಕ್ಕಾಗಿ ಹದಿನಾರು ಲಕ್ಷ ಕೊಟ್ಟವರು ಈಗ ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡುವುದಿಲ್ಲ. ‘ಹೇಗೂ ಮಾರೋ ಮನೆ. ಕೊಳ್ಳೋರು ಬಂದು ನೋಡಿದರೆ ಗೋಡೆ ನೀಟಾಗಿರಬೇಕು.’ ಕ್ಯಾಲೆಂಡರ್ ಫ್ರಿಜ್ಜಿನ ಮೇಲೆ ಮಲಗಿದೆ. ಬಾಗಿಲಿಗೆ ಸುತ್ತಿದ ಪ್ಲಾಸ್ಟಿಕ್ಕು ಹಾಗೇ ಇದೆ. ಇನ್ನೂ ಹುಟ್ಟದ ಗಿರಾಕಿಯೊಬ್ಬನ ಬಾಡಿಗೆದಾರರಂತೆ ಮನೆಮಂದಿಯೆಲ್ಲ ಹಗುರ ಹೆಜ್ಜೆ ಇಟ್ಟು ಓಡಾಡುತ್ತಾರೆ. ಛಾವಣಿಯ ಮೇಲೆ ನಾಲ್ಕು ಮೂಲೆಗೂ ಕಂಬಿ ಎದ್ದು ನಿಂತಿವೆ, ಮುಂದೆ ಬರುವವರು ಮಹಡಿ ಎತ್ತಲಿ ಎಂದು. ತುಕ್ಕು ಹಿಡಿಯದಿರಲು ತುದಿಗೆ ನೀರಿನ ಬಾಟಲಿ ಸಿಕ್ಕಿಸಿದ್ದಾರೆ. ಬೇಲೂರಿನ ಚೆನ್ನಕೇಶವನ ಗುಡಿಗೂ ಶಿಖರವಿಲ್ಲ, ಹಳೇಬೀಡಿನ ಹೊಯ್ಸಳೇಶ್ವರನಿಗೂ ಇಲ್ಲ. ಮೇಷ್ಟ್ರ ಮನೆಗೆ ಬಾಟಲಿಯಾದರೂ ಇದೆ.

ಮಾರಿದವರ ಬಗ್ಗೆ ಒಂದು ಮಾತು ಹೇಳಬೇಕು. ಅವರು ನಿವೃತ್ತ ನೌಕರರು, ಮಗನ ಜೊತೆ ಇರಲು ಬೆಂಗಳೂರಿಗೆ ಹೊರಟಿದ್ದರು. ಕೀಲಿ ಕೊಡುವ ದಿನ ಜಗಲಿಯ ಮೇಲೆ ಕೂತು, ‘ನಾನೂ ಮೂರು ವರ್ಷಕ್ಕೇ ಅಂತ ತಗೊಂಡಿದ್ದು’ ಎಂದರು. ‘ಮೊದಲು ಪ್ರಮೋಷನ್ ಅಂತ ಕಾದೆ. ಆಮೇಲೆ ಮಗನ ಎಸ್ಸೆಸ್ಸೆಲ್ಸಿ. ಆಮೇಲೆ ಅವ್ವ ಹಾಸಿಗೆ ಹಿಡಿದಳು. ಅವಳು ಹೋದ ಮೇಲೆ ರೇಟು ಬರಲಿ ಅಂತ ಕಾದೆ. ಹತ್ತೊಂಬತ್ತು ವರ್ಷ ಆಯ್ತು.’ ಮೇಷ್ಟ್ರು ಜೋರಾಗಿ ನಕ್ಕರು. ಅವರು ನಗಲಿಲ್ಲ. ಎದ್ದು ಒಳಗೆ ಹೋಗಿ, ದೇವರ ಗೂಡಿನ ಪಕ್ಕ ಅವ್ವನ ಫೋಟೋ ನೇತುಹಾಕಿದ್ದ ಒಂದು ಮೊಳೆಯನ್ನು ಇಕ್ಕಳದಿಂದ ಕಿತ್ತು ಜೇಬಿಗೆ ಹಾಕಿಕೊಂಡರು. ಮನೆಯಲ್ಲಿದ್ದುದು ಅದೊಂದೇ ಮೊಳೆ.

ಊರಿನವರು ಮೇಷ್ಟ್ರನ್ನು ಅಳೆಯುವುದು ಅವರ ಮಾತಿನಿಂದಲ್ಲ, ಹಿತ್ತಲಿನಿಂದ. ಮೊದಲ ತಿಂಗಳು ಮೆಂತ್ಯ, ಕೊತ್ತಂಬರಿ ಚೆಲ್ಲಿದರು. ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುವ ಬೆಳೆ, ಹೊರಡುವವನಿಗೆ ತಕ್ಕದ್ದು. ಸರಿ, ಇವರು ಹೋಗುವವರೇ ಎಂದುಕೊಂಡರು ಬೀದಿಯವರು. ಆಮೇಲೆ ಪರಂಗಿ ನೆಟ್ಟರು. ಅದಕ್ಕೆ ಒಂಬತ್ತು ಹತ್ತು ತಿಂಗಳು. ಬಚ್ಚಲ ನೀರು ಸುಮ್ಮನೆ ಹರಿದುಹೋಗುತ್ತದಲ್ಲ ಎಂದು ಏಲಕ್ಕಿ ಬಾಳೆ ಇಟ್ಟರು. ಅದಕ್ಕೆ ಒಂದು ವರ್ಷ ಮೇಲೆ. ಕರಿಬೇವನ್ನು ಪಕ್ಕದ ಮನೆಯಾಕೆ ಕೊಟ್ಟರು, ಬೇಡವೆನ್ನಲಾಗದೆ ನೆಟ್ಟಿದ್ದು. ಎದುರು ಮನೆಯ ಅಜ್ಜ ಬಾಯಲ್ಲಿ ಎಲೆಯಡಿಕೆ ತಿರುವುತ್ತಾ ಎಲ್ಲವನ್ನೂ ನೋಡುತ್ತಲೇ ಇದ್ದ.

ಮೊನ್ನೆ ಮುಂಗಾರು ಹನಿದ ಮೇಲೆ ಮೇಷ್ಟ್ರು ಅರಸೀಕೆರೆಯಿಂದ ಬಸ್ಸಿನಲ್ಲಿ ಬಂದರು. ಕಂಕುಳಲ್ಲಿ ಗೋಣಿತಾಟು ಸುತ್ತಿದ ಒಂದು ತೆಂಗಿನ ಸಸಿ. ಇಳಿದವರು ಈ ಸಲ ಬಸ್ಸು ಹೋಗುವುದನ್ನು ನೋಡುತ್ತ ನಿಲ್ಲಲಿಲ್ಲ. ಸಸಿ ಬಾಡುತ್ತದೆಂದು ಬಿರಬಿರನೆ ನಡೆದರು. ಮೂರಡಿ ಗುಂಡಿ ತೆಗೆಸಿ, ಮಣ್ಣು ಗೊಬ್ಬರ ಹಾಕಿ, ತಾವೇ ನೀರು ಹೊಯ್ದರು. ಅಜ್ಜ ಬೀದಿ ದಾಟಿ ಬಂದ.

‘ಗಿಡ್ಡ ತಳೀನಾ ಮೇಷ್ಟ್ರೇ? ಅದಾದ್ರೆ ಬೇಗ ಬತ್ತದೆ.’

‘ಇಲ್ಲಜ್ಜ. ತಿಪಟೂರು ಟಾಲು. ನಮ್ಮ ತೋಟದ್ದೇ.’

ತೆಂಗಿನ ತೋಟದಲ್ಲಿ ಹುಟ್ಟಿದ ಗಣಿತದ ಮೇಷ್ಟ್ರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ತಿಪಟೂರು ಟಾಲ್ ಕಾಯಿ ಬಿಡಲು ಆರೇಳು ವರ್ಷ ಬೇಕು.