ಬಾಡದ ಮಾವಿನೆಲೆ

ನಮ್ಮ ಬೀದಿಯಲ್ಲಿ ಮಾವಿನೆಲೆ ಬಾಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಯುಗಾದಿಗೆ ಕಟ್ಟಿದ ಪ್ಲಾಸ್ಟಿಕ್ ತೋರಣ ಗಣಪತಿ ಬಂದು ಹೋದರೂ, ದೀಪಾವಳಿ ಕಳೆದರೂ ಮೈಮೇಲೆ ಧೂಳು ಹೊದ್ದು ಅಷ್ಟೇ ಹಸಿರಾಗಿ ನೇತಾಡುತ್ತಿರುತ್ತದೆ. ಕೇಳಿದರೆ, "ಹಬ್ಬಹಬ್ಬಕ್ಕೂ ಮರ ಹತ್ತೋರು ಯಾರ್ರೀ?" ಅನ್ನುತ್ತಾರೆ. ಮರ ಹತ್ತುವುದು ಯಾಕೆ ಸ್ವಾಮಿ, ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿಗೆ ಹೋದರೆ ಮಾವಿನಸೊಪ್ಪು ಕಾಲಿಗೇ ತೊಡರುತ್ತದೆ.

ಥರ್ಮಾಕೋಲ್ ಮಂಟಪದ ಕಥೆ ಇನ್ನೂ ಸ್ವಾರಸ್ಯ. ಥರ್ಮಾಕೋಲಿನ ತಟ್ಟೆ, ಲೋಟಗಳನ್ನು ಕರ್ನಾಟಕ 2016ರಲ್ಲೇ ಬೇಡ ಅಂದಿತ್ತು. 2022ರ ಜುಲೈ 1ರಿಂದ ಥರ್ಮಾಕೋಲ್ ಅಲಂಕಾರ ಇಡೀ ದೇಶದಲ್ಲೇ ನಿಷಿದ್ಧ. ಗಣಪತಿಗೆ ಮಾತ್ರ ಯಾರೂ ಹೇಳಿದ ಹಾಗಿಲ್ಲ. ಈಗಲೂ ಅಲ್ಲಲ್ಲಿ ಥರ್ಮಾಕೋಲಿನ ಮೈಸೂರು ಅರಮನೆಯಲ್ಲಿ ಕೂತು ಕಡುಬು ತಿನ್ನುತ್ತಿದ್ದಾನೆ. ಥರ್ಮಾಕೋಲನ್ನು ಮನೆಯಲ್ಲಿ ಕತ್ತರಿಸಿ ನೋಡಿ. ಬಿಳೀ ಕಾಳುಗಳು ಕೈಗೆ, ಪಂಚೆಗೆ, ಬೆಕ್ಕಿನ ಬಾಲಕ್ಕೆ ಅಂಟುತ್ತವೆ. ಪೊರಕೆ ಹಿಡಿದು ಹೋದಿರೋ, ಮುಂದೆ ಮುಂದೆ ಓಡುತ್ತವೆ. ದಸರಾ ಬೊಂಬೆ ಇಳಿಸುವ ಹೊತ್ತಿಗೂ ಸೋಫಾದಡಿಯಿಂದ ಇಣುಕುತ್ತಿರುತ್ತವೆ.

ಇದು ಬೇಡವೆಂದು ಕೆಲವರು ಆನ್‌ಲೈನಿನಲ್ಲಿ 'ಇಕೋ ಫ್ರೆಂಡ್ಲಿ' ರಟ್ಟಿನ ಮಂಟಪ ತರಿಸುತ್ತಾರೆ. ಅದು ಡಬ್ಬದೊಳಗೆ ಡಬ್ಬ, ಮೂರು ಸುತ್ತು ಬಬಲ್ ರ‍್ಯಾಪ್ ಉಟ್ಟುಕೊಂಡು ಬರುತ್ತದೆ. ಮಕ್ಕಳಿಗೆ ಮಂಟಪಕ್ಕಿಂತ ಆ ಗುಳ್ಳೆ ಒಡೆಯುವುದೇ ಹಬ್ಬ.

ಹಾಗಂತ ಬಾಳೆಕಂದು ಕಟ್ಟಿದವರೆಲ್ಲ ಪುಣ್ಯವಂತರು ಅನ್ನುವಂತಿಲ್ಲ. ಆಯುಧಪೂಜೆಯ ಮರುದಿನ ಬೆಂಗಳೂರಿನ ಯಾವ ಮೂಲೆಗಾದರೂ ಹೋಗಿ: ಬಾಳೆಕಂದಿನ ಗುಡ್ಡೆ, ನಡುರಸ್ತೆಯಲ್ಲಿ ಕುಂಕುಮ ಬಳಿದುಕೊಂಡು ಒಡೆದು ಬಿದ್ದ ಬೂದುಗುಂಬಳ. ದೃಷ್ಟಿ ಕಳೆದದ್ದು ನಿಮ್ಮ ಕಾರಿಗೆ, ಜಾರಿ ಬೀಳುವುದು ಹಿಂದೆ ಬಂದ ಸ್ಕೂಟರಿನವನು.

ನನ್ನ ಕೇಳಿದರೆ, ಹೊಸದಾಗಿ ಏನನ್ನೂ ಕೊಳ್ಳಬೇಡಿ. ಬೀರುವಿನಲ್ಲಿ ಮಡಿಕೆ ಬಿಚ್ಚದೆ ಮಲಗಿರುವ ಅಮ್ಮನ ಮೊಳಕಾಲ್ಮೂರು ಸೀರೆಯನ್ನು ನೆರಿಗೆ ಹಿಡಿದು ಗೋಡೆಗೆ ಇಳಿಬಿಟ್ಟರೆ ಯಾವ ಮಂಟಪವೂ ಅದರ ಮುಂದೆ ನಿಲ್ಲದು. ಪಿನ್ನು ಮಾತ್ರ ಅಂಚಿಗೆ ಚುಚ್ಚಬೇಡಿ. ಚುಚ್ಚಿದಿರೋ, ಗಣಪತಿ ಬಂದರೂ ಅಮ್ಮನಿಂದ ನಿಮ್ಮನ್ನು ಬಿಡಿಸಲಾರ.

ಈ ವಿಷಯದಲ್ಲಿ ಶಿರಸಿ, ಸಿದ್ದಾಪುರದ ಕಡೆಯವರು ನಮಗಿಂತ ಜಾಣರು. ಚೌತಿಗೆ ಗಣಪತಿಯ ತಲೆಯ ಮೇಲೆ ಫಲಾವಳಿ ಕಟ್ಟುತ್ತಾರೆ: ಅಡಿಕೆಗೊನೆ, ಸಿಂಗಾರ, ತೆಂಗಿನಕಾಯಿ, ಹಾಗಲಕಾಯಿ, ಚಕ್ಕೋತ, ಮೊಗೆಕಾಯಿ. ತೋಟವೇ ಮಾಡಿಗೆ ಏರಿ ನೇತಾಡುತ್ತಿರುತ್ತದೆ. ಆರತಿ ಹೊತ್ತಿನಲ್ಲಿ ಭಕ್ತಿಯಿಂದ ಮೇಲೆ ನೋಡುವವರ ಕಣ್ಣು ದೇವರ ಮೇಲೋ ಚಕ್ಕೋತದ ಮೇಲೋ, ನಾನು ಹೇಳಲಾರೆ. ಗಣಪತಿ ನೀರಿಗೆ ಹೋದ ಮೇಲೆ ಮೊಗೆಕಾಯಿ ಹುಳಿಯಾಗುತ್ತದೆ, ಹಾಗಲಕಾಯಿ ಗೊಜ್ಜಾಗುತ್ತದೆ. ನಿಮ್ಮ ಎಲ್‌ಇಡಿ ಸರದಲ್ಲಿ ಒಂದು ಗೊಜ್ಜು ಮಾಡಿ ಬಡಿಸಿ, ಊಟಕ್ಕೆ ನಾನೇ ಬರುತ್ತೇನೆ.